ಸಮುದ್ರದ ಸುಳಿಗಳು ಹಡಗು ನುಂಗುತ್ತವೆಯೇ? ಗಲ್ಫ್ ಸ್ಟ್ರೀಮ್ ಅನ್ನು ನಿಲ್ಲಿಸುತ್ತವೆಯೇ?

ಕೆಲವು ವಾರಗಳ ಹಿಂದೆ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೊ ಬಂತು. ಕಡುನೀಲಿ ಸಮುದ್ರ, ಅದರ ತುಂಬ ಬಿಳಿ ಗೆರೆಗಳು. ಆ ಗೆರೆಗಳು ಸುತ್ತಿ ಸುತ್ತಿ ನೂರಾರು ಸುಳಿಗಳಾಗಿ ತಿರುಗುತ್ತಿದ್ದವು. ಕೆಳಗೆ ಹೀಗೆ ಬರೆದಿತ್ತು:

"ನಾಸಾ ಉಪಗ್ರಹ ಸೆರೆಹಿಡಿದ ದೃಶ್ಯ! ಅಟ್ಲಾಂಟಿಕ್‌ನಲ್ಲಿ ನೂರಾರು ಕಿ.ಮೀ. ಅಗಲದ ರಾಕ್ಷಸ ಸುಳಿಗಳು! ಹತ್ತಿರ ಹೋದ ಹಡಗು ವಾಪಸ್ ಬರಲ್ಲ. ಈ ಸುಳಿಗಳು ಗಲ್ಫ್ ಸ್ಟ್ರೀಮ್ ಪ್ರವಾಹದ ಶಕ್ತಿಯನ್ನೆಲ್ಲ ಹೀರುತ್ತಿವೆ. ಪ್ರವಾಹ ನಿಂತರೆ ಯುರೋಪ್ ಹೆಪ್ಪುಗಟ್ಟುತ್ತದೆ, ನಮ್ಮ ಮಳೆಯೂ ನಿಲ್ಲುತ್ತದೆ. ಎಲ್ಲರಿಗೂ ಶೇರ್ ಮಾಡಿ!"

ಕಳಿಸಿದವರು ನನ್ನ ಸೋದರಮಾವ. ಅವರು ಸುಮ್ಮನೆ ಕಳಿಸಿದ್ದಲ್ಲ. ಅವರ ಮಗ, ಅಂದರೆ ನನ್ನ ಭಾವ, ಸರಕು ಹಡಗಿನಲ್ಲಿ ಕೆಲಸ ಮಾಡುತ್ತಾರೆ. ಆ ವಾರ ಅವರ ಹಡಗು ಅಮೆರಿಕದ ಪೂರ್ವ ಕರಾವಳಿಯಿಂದ ಯುರೋಪಿಗೆ ಹೊರಟಿತ್ತು. ಅತ್ತೆ ಆ ರಾತ್ರಿ ಕಣ್ಣು ಮುಚ್ಚಲಿಲ್ಲ. ಬೆಳಿಗ್ಗೆ ಆರಕ್ಕೇ ನನಗೆ ಫೋನ್: "ನೀನು ಇಂಥದ್ದೆಲ್ಲ ಹುಡುಕಿ ಓದ್ತೀಯಲ್ಲ, ಇದು ನಿಜಾನಾ ಹೇಳಮ್ಮ."

ನಾನು ಓದಿದ್ದು ಸಂವಹನ, ಸಮುದ್ರ ವಿಜ್ಞಾನ ಅಲ್ಲ. ಆದರೆ ಒಂದು ಮಾತು ಎಲ್ಲಿಂದ ಹುಟ್ಟಿತು, ಅದರಲ್ಲಿ ಎಷ್ಟು ನಿಜ ಎಂದು ಹುಡುಕುವುದೇ ನನ್ನ ಕೆಲಸ. ಅತ್ತೆಗಾಗಿ ಹುಡುಕಿದ್ದನ್ನು ಇಲ್ಲಿ ನಿಮ್ಮ ಮುಂದೆಯೂ ಇಡುತ್ತಿದ್ದೇನೆ.

ಮೊದಲು ಚುಟುಕಾಗಿ ಉತ್ತರ

ಇದು ಉಪಗ್ರಹ ತೆಗೆದ ಫೋಟೊ, ವಿಡಿಯೊ ಎಂಬುದು: ಸುಳ್ಳು.
ಈ ಸುಳಿಗಳು ಹಡಗು ನುಂಗುತ್ತವೆ ಎಂಬುದು: ಸುಳ್ಳು.
ಸುಳಿಗಳು ಪ್ರವಾಹದ ಶಕ್ತಿ ತೆಗೆದುಕೊಳ್ಳುತ್ತವೆ ಎಂಬುದು: ಅರ್ಧ ನಿಜ. ಇನ್ನರ್ಧವನ್ನು ಫಾರ್ವರ್ಡ್ ಹೇಳಲೇ ಇಲ್ಲ. ಸುಳಿಗಳು ಶಕ್ತಿಯನ್ನು ವಾಪಸ್ಸೂ ಕೊಡುತ್ತವೆ.
ಅದರಿಂದ ಗಲ್ಫ್ ಸ್ಟ್ರೀಮ್ ನಿಲ್ಲುತ್ತದೆ ಎಂಬುದು: ಸುಳ್ಳು. ಆದರೆ ಇದರ ಹಿಂದೆ ಬೇರೊಂದು ನಿಜವಾದ ಚಿಂತೆ ಇದೆ. ಅದನ್ನೂ ಕೊನೆಗೆ ನೋಡೋಣ.

ವಿಡಿಯೊದಲ್ಲಿ ಇರುವುದೇನು?

ಈ ವಿಡಿಯೊ ನಾಸಾ ಸಂಸ್ಥೆ 2011ರಲ್ಲಿ ಹೊರತಂದ 'ಪರ್ಪೆಚುವಲ್ ಓಷನ್' ಎಂಬ ಅನಿಮೇಷನ್‌ನ ತುಣುಕು. ಅದರಲ್ಲಿರುವುದು 2005ರ ಜೂನ್‌ನಿಂದ 2007ರ ಡಿಸೆಂಬರ್‌ವರೆಗಿನ ಸಾಗರದ ಹರಿವು. ಉಪಗ್ರಹಗಳು ಮತ್ತು ಸಮುದ್ರದಲ್ಲಿಟ್ಟ ಉಪಕರಣಗಳು ಕೊಟ್ಟ ಅಳತೆಗಳನ್ನು ಕಂಪ್ಯೂಟರ್ ಮಾದರಿಗೆ ಸೇರಿಸಿ ಲೆಕ್ಕ ಹಾಕಿ, ಆ ಲೆಕ್ಕವನ್ನು ಚಿತ್ರವಾಗಿ ಬಿಡಿಸಿದ್ದು. ಎರಡೂವರೆ ವರ್ಷದ ಹರಿವನ್ನು ಕೆಲವೇ ನಿಮಿಷಕ್ಕೆ ಇಳಿಸಿದ್ದಾರೆ. ಬಿಳಿ ಗೆರೆಗಳು ನೊರೆಯಲ್ಲ, ನೀರು ಯಾವ ಕಡೆ ಹರಿಯುತ್ತಿದೆ ಎಂದು ತೋರಿಸುವ ಗುರುತು.

ಅಂದರೆ ಮೂಲ ವಿಡಿಯೊ ಒಳ್ಳೆಯದೇ, ವಿಜ್ಞಾನದ್ದೇ. ಕೆಳಗೆ ಬರೆದ ಸಾಲುಗಳು ಮಾತ್ರ ಬೇರೆಯವರದ್ದು. ಹೆಚ್ಚಿನ ಫಾರ್ವರ್ಡ್‌ಗಳ ಹಣೆಬರಹ ಇದೇ: ಚಿತ್ರ ಅಸಲಿ, ಮಾತು ನಕಲಿ.

'ಸುಳಿ' ಎಂದರೆ ಭಯ ಯಾಕೆ?

ಭಯಕ್ಕೆ ಕಾರಣ ನಮ್ಮ ಪದದಲ್ಲೇ ಇದೆ. ಹೊಳೆ ಪಕ್ಕ ಬೆಳೆದವರಿಗೆ ಸುಳಿ ಎಂದರೆ ಕಾಲು ಹಿಡಿದು ಎಳೆಯುವ ಮಡುವು. "ಅಲ್ಲಿ ಸುಳಿ ಇದೆ, ಇಳಿಯಬೇಡ" ಎಂದು ಅಜ್ಜಿಯರು ಹೇಳಿದ್ದು ಸುಮ್ಮನೆ ಅಲ್ಲ. ಬಂಡೆಗಳ ನಡುವೆ ರಭಸದಿಂದ ಹರಿಯುವ ನೀರಿನಲ್ಲಿ ಸುಳಿಗೆ ಸಿಕ್ಕಿ ಪ್ರತಿ ವರ್ಷ ಜನ ಸಾಯುತ್ತಾರೆ. ಸಮುದ್ರದಲ್ಲೂ ಅಂಥವು ಇವೆ. ಜಪಾನಿನ ನರುತೊ ಜಲಸಂಧಿಯಲ್ಲಿ ಭರತ ಇಳಿತದ ಹೊತ್ತಿಗೆ ಸುಮಾರು 20 ಮೀಟರ್ ಅಗಲದ ಸುಳಿಗಳು ಏಳುತ್ತವೆ. ನಾರ್ವೆಯ ಕರಾವಳಿಯಲ್ಲೂ ಇವೆ.

ವಿಡಿಯೊದಲ್ಲಿರುವ ಸುಳಿಗಳ ಜಾತಿಯೇ ಬೇರೆ. ಒಂದೊಂದೂ ಸುಮಾರು 100ರಿಂದ 300 ಕಿಲೋಮೀಟರ್ ಅಗಲ. ಬೆಂಗಳೂರಿನಿಂದ ಮೈಸೂರಿಗೆ ಇರುವಷ್ಟು ಅಥವಾ ಅದಕ್ಕಿಂತ ಹೆಚ್ಚು ದೂರ. ಇಷ್ಟು ಅಗಲದ ಸುಳಿಯ ನಡುವೆ ನೀರಿನ ಮಟ್ಟ ಅಂಚಿಗಿಂತ ಎಷ್ಟು ಮೇಲೆ ಅಥವಾ ಕೆಳಗೆ ಇರಬಹುದು? ಕೆಲವು ಹತ್ತು ಸೆಂಟಿಮೀಟರ್, ಬಲವಾದ ಸುಳಿಯಲ್ಲಿ ಹೆಚ್ಚೆಂದರೆ ಒಂದು ಮೀಟರ್ ಆಸುಪಾಸು. ನೂರು ಕಿಲೋಮೀಟರ್ ದೂರಕ್ಕೆ ಒಂದು ಮೀಟರ್ ಇಳಿಜಾರು ಎಂದರೆ ಕಣ್ಣಿಗೆ ಅದು ಚಪ್ಪಟೆಯೇ. ನೀರು ಒಂದು ಸುತ್ತು ಬರಲು ದಿನಗಳು, ಕೆಲವೊಮ್ಮೆ ವಾರಗಳೇ ಬೇಕು. ಮಧ್ಯದಲ್ಲಿ ಗುಂಡಿ ಇಲ್ಲ, ಕೆಳಗೆ ಎಳೆಯುವ ಬಾಯಿ ಇಲ್ಲ.

ಹಾಗೆಂದು ಅಪಾಯವೇ ಇಲ್ಲ ಎನ್ನಲಾಗದು. ಬಲವಾದ ಪ್ರವಾಹಕ್ಕೆ ಎದುರಾಗಿ ಬಿರುಗಾಳಿ ಬೀಸಿದರೆ ಅಲೆಗಳು ಕಡಿದಾಗಿ ಏಳುತ್ತವೆ. ಗಲ್ಫ್ ಸ್ಟ್ರೀಮ್‌ನಲ್ಲೂ, ದಕ್ಷಿಣ ಆಫ್ರಿಕಾ ಬಳಿಯ ಅಗುಲ್ಹಾಸ್ ಪ್ರವಾಹದಲ್ಲೂ ನಾವಿಕರು ಇದಕ್ಕೆ ಹುಷಾರಾಗಿರುತ್ತಾರೆ. ಆದರೆ ಆ ಅಪಾಯ ಅಲೆಯದ್ದು. ಸುಳಿ ನುಂಗುವ ಕಥೆಗೂ ಅದಕ್ಕೂ ಸಂಬಂಧವಿಲ್ಲ.

ಗಲ್ಫ್ ಸ್ಟ್ರೀಮ್ ಎಷ್ಟು ದೊಡ್ಡದು?

ಸುಳಿಗಳು ಯಾರ ಮಕ್ಕಳು ಎಂದು ತಿಳಿಯಲು ಮೊದಲು ತಾಯಿಯನ್ನು ನೋಡಬೇಕು. ಗಲ್ಫ್ ಸ್ಟ್ರೀಮ್ ಎಂದರೆ ಅಮೆರಿಕದ ಫ್ಲೋರಿಡಾ ಬಳಿಯಿಂದ ಕರಾವಳಿಯ ಗುಂಟ ಉತ್ತರಕ್ಕೆ ಹರಿದು, ಕೇಪ್ ಹ್ಯಾಟರಸ್ ಎಂಬಲ್ಲಿ ದಡ ಬಿಟ್ಟು, ಅಟ್ಲಾಂಟಿಕ್ ಸಾಗರದ ಒಳಕ್ಕೆ ಹೋಗುವ ಬೆಚ್ಚನೆಯ ಪ್ರವಾಹ. 1769ರ ಸುಮಾರಿಗೆ ಬೆಂಜಮಿನ್ ಫ್ರಾಂಕ್ಲಿನ್ ಇದರ ನಕ್ಷೆ ಅಚ್ಚು ಹಾಕಿಸಿದ. ದಾರಿ ತೋರಿಸಿದವನು ಅವನ ಸಂಬಂಧಿ ಟಿಮೊತಿ ಫೋಲ್ಜರ್ ಎಂಬ ನಾವಿಕ. ತಿಮಿಂಗಿಲ ಬೇಟೆಗೆ ಹೋಗುವವರಿಗೆ ಪ್ರವಾಹದ ಗುಟ್ಟು ಮೊದಲೇ ಗೊತ್ತಿತ್ತು.

ನೀರಿನ ಲೆಕ್ಕವನ್ನು ನಮ್ಮ ಭಾಷೆಯಲ್ಲೇ ಹೇಳೋಣ. ಕಾವೇರಿ, ಕೃಷ್ಣೆಯ ಸುದ್ದಿ ಕೇಳಿದವರಿಗೆಲ್ಲ ಟಿಎಂಸಿ ಗೊತ್ತು. ಒಂದು ಟಿಎಂಸಿ ಎಂದರೆ ಸುಮಾರು 2.83 ಕೋಟಿ ಘನ ಮೀಟರ್ ನೀರು. ಫ್ಲೋರಿಡಾ ಬಳಿ ಗಲ್ಫ್ ಸ್ಟ್ರೀಮ್‌ನಲ್ಲಿ ಸೆಕೆಂಡಿಗೆ ಸುಮಾರು 3 ಕೋಟಿ ಘನ ಮೀಟರ್ ನೀರು ಹರಿಯುತ್ತದೆ. ಅಂದರೆ ಪ್ರತಿ ಸೆಕೆಂಡಿಗೆ ಒಂದು ಟಿಎಂಸಿಗಿಂತ ತುಸು ಹೆಚ್ಚು! 49 ಟಿಎಂಸಿಯ ನಮ್ಮ ಕೆಆರ್‌ಎಸ್ ಒಂದು ನಿಮಿಷದೊಳಗೆ ತುಂಬಿಬಿಡುತ್ತದೆ. ಜಗತ್ತಿನ ಎಲ್ಲ ನದಿಗಳೂ ಸೇರಿ ಸಮುದ್ರಕ್ಕೆ ತರುವ ನೀರು ಸೆಕೆಂಡಿಗೆ ಸುಮಾರು 12 ಲಕ್ಷ ಘನ ಮೀಟರ್, ಅಂದರೆ ಇದರ ಇಪ್ಪತ್ತನೇ ಒಂದು ಪಾಲೂ ಅಲ್ಲ.

ಇನ್ನೊಂದು ಸೋಜಿಗವಿದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನ ದಕ್ಷಿಣಕ್ಕೆ, ನಡುಸಮುದ್ರದಲ್ಲಿ ಅಳೆದರೆ ಇದೇ ಪ್ರವಾಹದಲ್ಲಿ ಸೆಕೆಂಡಿಗೆ ಸುಮಾರು 15 ಕೋಟಿ ಘನ ಮೀಟರ್ ನೀರು ಹರಿಯುತ್ತಿರುತ್ತದೆ. ಐದು ಪಟ್ಟು! ದಾರಿಯಲ್ಲಿ ಯಾವ ಉಪನದಿಯೂ ಸೇರಲಿಲ್ಲ, ಆದರೂ ಹೊಳೆ ದಪ್ಪವಾಯಿತು. ಹೇಗೆ? ಈ ಪ್ರಶ್ನೆ ನೆನಪಿಟ್ಟುಕೊಳ್ಳಿ. ಉತ್ತರದಲ್ಲಿ ಸುಳಿಗಳ ಪಾಲೂ ಇದೆ.

ಸುಳಿ ಹುಟ್ಟುವುದು ಹೇಗೆ?

ದಡ ಬಿಟ್ಟ ಮೇಲೆ ಗಲ್ಫ್ ಸ್ಟ್ರೀಮ್ ನೆಟ್ಟಗೆ ಹೋಗುವುದಿಲ್ಲ, ಹಾವಿನಂತೆ ಬಳುಕುತ್ತದೆ. ಬಳುಕು ಹೆಚ್ಚುತ್ತಾ ಹೋಗಿ ಕುಣಿಕೆಯಾಗುತ್ತದೆ. ಕೊನೆಗೆ ಕುಣಿಕೆಯ ಕುತ್ತಿಗೆ ಕೂಡಿಕೊಂಡು, ತುಂಡು ಬೇರೆಯಾಗುತ್ತದೆ. ನದಿಯ ತಿರುವು ಕತ್ತರಿಸಿ ಹೋಗಿ ಪಕ್ಕದಲ್ಲಿ ಕೆರೆ ಉಳಿಯುತ್ತದಲ್ಲ, ಹಾಗೆ. ಪ್ರವಾಹದ ಉತ್ತರಕ್ಕೆ ಬೇರೆಯಾದ ಸುಳಿಯ ಹೊಟ್ಟೆಯಲ್ಲಿ ಬೆಚ್ಚನೆ ನೀರು ಇರುತ್ತದೆ, ಅದು ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ದಕ್ಷಿಣಕ್ಕೆ ಬೇರೆಯಾದ ಸುಳಿಯಲ್ಲಿ ತಣ್ಣನೆ ನೀರು, ಅದು ತಿರುಗುವುದು ಉಲ್ಟಾ. ಕೆಲವು ಸುಳಿ ತಿಂಗಳುಗಟ್ಟಲೆ, ಕೆಲವು ವರ್ಷಕ್ಕೂ ಹೆಚ್ಚು ಕಾಲ ಬದುಕುತ್ತವೆ.

ಇಷ್ಟೆಲ್ಲ ತಿರುಗಲು ಶಕ್ತಿ ಎಲ್ಲಿಂದ ಬಂತು?

ಮನೆ ಮೇಲಿನ ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ. ಮೋಟಾರ್ ಹಾಕಿ ನೀರು ಮೇಲೇರಿಸುತ್ತೇವೆ. ಮೇಲಿರುವ ನೀರಿನಲ್ಲಿ ಶಕ್ತಿ ಕೂಡಿಟ್ಟಂತೆ ಇರುತ್ತದೆ, ನಲ್ಲಿ ತಿರುಗಿಸಿದರೆ ರಭಸವಾಗಿ ಇಳಿಯುತ್ತದೆ. ಶಾಲೆಯಲ್ಲಿ ಓದಿದ ಪ್ರಚ್ಛನ್ನ ಶಕ್ತಿ, ಚಲನ ಶಕ್ತಿ ಇವೇ.

ಸಾಗರದಲ್ಲಿ ಮೋಟಾರ್ ಕೆಲಸ ಮಾಡುವುದು ಗಾಳಿ. ಅಟ್ಲಾಂಟಿಕ್‌ನ ಮೇಲೆ ಬೀಸುವ ವಾಣಿಜ್ಯ ಮಾರುತಗಳು ಮತ್ತು ಪಶ್ಚಿಮ ಮಾರುತಗಳು ಸೇರಿ ಬೆಚ್ಚನೆ, ಹಗುರ ನೀರನ್ನು ಸಾಗರದ ಒಳಭಾಗಕ್ಕೆ ಒಟ್ಟುತ್ತವೆ. ಹೀಗಾಗಿ ಗಲ್ಫ್ ಸ್ಟ್ರೀಮ್‌ನ ಸಾಗರದ ಬದಿಯಲ್ಲಿ ಸಮುದ್ರಮಟ್ಟ ಕರಾವಳಿ ಬದಿಗಿಂತ ಸುಮಾರು ಒಂದು ಮೀಟರ್ ಎತ್ತರ. ಒಳಗಡೆಯ ವ್ಯತ್ಯಾಸ ಇನ್ನೂ ದೊಡ್ಡದು: ಒಂದು ಬದಿ ಬೆಚ್ಚನೆ ನೀರಿನ ಪದರ ನೂರಾರು ಮೀಟರ್ ದಪ್ಪ, ಇನ್ನೊಂದು ಬದಿ ತೀರಾ ತೆಳು. ಓರೆಯಾಗಿ ಇಟ್ಟ ಹಲಗೆಯಂತೆ ಪದರಗಳು ವಾಲಿ ನಿಂತಿರುತ್ತವೆ.

ರಾಶಿ ಹಾಕಿದ ನೀರು ತಕ್ಷಣ ಹರಡಿ ಸಮ ಆಗಬೇಕಲ್ಲವೇ? ಭೂಮಿ ತಿರುಗದೆ ಇದ್ದಿದ್ದರೆ ಆಗುತ್ತಿತ್ತು. ಭೂಮಿ ತಿರುಗುವುದರಿಂದ ಉತ್ತರಾರ್ಧ ಗೋಳದಲ್ಲಿ ಹರಿಯುವ ನೀರು ಬಲಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಕೆಳಗಿಳಿಯಲು ಹೊರಟ ನೀರು ತಿರುಗಿ, ಇಳಿಜಾರಿನ ಗುಂಟ ಅಡ್ಡಕ್ಕೆ ಹರಿಯತೊಡಗುತ್ತದೆ. ಗಲ್ಫ್ ಸ್ಟ್ರೀಮ್ ಎಂದರೆ ಹೀಗೆ ಅಡ್ಡಕ್ಕೆ ಓಡುತ್ತಿರುವ ನೀರೇ. ಅದರಿಂದಾಗಿ ರಾಶಿ ಕುಸಿಯದೆ ಉಳಿಯುತ್ತದೆ, ಟ್ಯಾಂಕ್ ತುಂಬಿಯೇ ಇರುತ್ತದೆ.

ಸುಳಿಗಳು ಈ ಟ್ಯಾಂಕಿನ ನಲ್ಲಿ. ಪ್ರವಾಹ ಬಳುಕಿದಾಗ ಬೆಚ್ಚನೆ ನೀರಿಗೆ ಉತ್ತರಕ್ಕೆ ನುಗ್ಗಿ ಮೇಲೇರುವ ದಾರಿ, ತಣ್ಣನೆ ನೀರಿಗೆ ದಕ್ಷಿಣಕ್ಕೆ ನುಗ್ಗಿ ಕೆಳಗಿಳಿಯುವ ದಾರಿ ಸಿಗುತ್ತದೆ. ವಾಲಿದ್ದ ಪದರ ಸ್ವಲ್ಪ ಸಮ ಆಗುತ್ತದೆ. ಆಗ ಬಿಡುಗಡೆಯಾದ ಶಕ್ತಿಯೇ ಸುಳಿಯ ತಿರುಗಾಟವಾಗುತ್ತದೆ. ಈ ಲೆಕ್ಕವನ್ನು ಮೊದಲು ಬಿಡಿಸಿದವರು ಹವಾಮಾನ ವಿಜ್ಞಾನಿಗಳು: 1947ರಲ್ಲಿ ಜೂಲ್ ಚಾರ್ನಿ, 1949ರಲ್ಲಿ ಎರಿಕ್ ಈಡಿ. ಅವರು ಲೆಕ್ಕ ಹಾಕಿದ್ದು ಗಾಳಿಗೆ. ಅದೇ ನಿಯಮ ನೀರಿಗೂ ಅನ್ವಯಿಸುತ್ತದೆ.

ಇನ್ನೊಂದು ದಾರಿಯೂ ಇದೆ. ಪ್ರವಾಹದ ನಡುವೆ ವೇಗ ಹೆಚ್ಚು, ಅಂಚಿನಲ್ಲಿ ಕಡಿಮೆ. ಈ ವ್ಯತ್ಯಾಸ ಹೆಚ್ಚಾದಾಗ ಹರಿವು ಅಲುಗಾಡಿ ಸುಳಿಯಾಗಿ ಒಡೆಯುತ್ತದೆ. ಇಲ್ಲಿ ಸುಳಿ ನೇರವಾಗಿ ಪ್ರವಾಹದ ಓಟದಿಂದಲೇ ಶಕ್ತಿ ತೆಗೆದುಕೊಳ್ಳುತ್ತದೆ.

ಹಾಗಾದರೆ "ಸುಳಿಗಳು ಶಕ್ತಿ ಹೀರುತ್ತವೆ" ಎಂದದ್ದು ನಿಜವೇ ಆಯಿತಲ್ಲ? ಇಲ್ಲಿಯವರೆಗೆ ಹೌದು. ಮುಂದಿದೆ ಉಳಿದರ್ಧ.

ಸಾಲ ತೆಗೆದುಕೊಂಡವರು ವಾಪಸ್ ಕೊಟ್ಟಾಗ

ಜೋಕಾಲಿಯ ಮೇಲೆ ಮಗು ಕೂತಿದೆ. ನೀವು ಹಿಂದೆ ನಿಂತು ತಳ್ಳುತ್ತಿದ್ದೀರಿ. ಜೋಕಾಲಿ ಮುಂದಕ್ಕೆ ಹೊರಟಾಗ ತಳ್ಳಿದರೆ ಅದಕ್ಕೆ ಶಕ್ತಿ ಸೇರುತ್ತದೆ. ಎದುರು ಬರುವಾಗ ತಡೆದರೆ ಅದರ ಶಕ್ತಿ ನಿಮ್ಮ ಕೈಗೆ ಬರುತ್ತದೆ. ಕೈ ಅದೇ, ಜೋಕಾಲಿ ಅದೇ. ಶಕ್ತಿ ಯಾವ ಕಡೆ ಹೋಗುತ್ತದೆ ಎಂಬುದು ಹೊಂದಾಣಿಕೆಯ ಮೇಲೆ ನಿಂತಿದೆ.

ಸುಳಿ ಮತ್ತು ಪ್ರವಾಹದ ನಡುವೆಯೂ ಹೀಗೇ. ಸುಳಿಗಳು ಸರಿಯಾದ ದುಂಡಗೆ ಇರುವುದಿಲ್ಲ, ಮೊಟ್ಟೆಯಂತೆ ಒಂದು ಕಡೆ ವಾಲಿರುತ್ತವೆ. ವಾಲಿಕೆ ಒಂದು ಕಡೆಗಿದ್ದರೆ ಸುಳಿಯು ಪ್ರವಾಹದ ವೇಗದ ನೀರನ್ನು ಹೊರಕ್ಕೆ ಒಯ್ಯುತ್ತದೆ, ಪ್ರವಾಹ ನಿಧಾನವಾಗುತ್ತದೆ. ವಾಲಿಕೆ ಇನ್ನೊಂದು ಕಡೆಗಿದ್ದರೆ ವೇಗವನ್ನು ಹೊರಗಿಂದ ತಂದು ಪ್ರವಾಹದ ನಡುವಿಗೆ ಸೇರಿಸುತ್ತದೆ, ಪ್ರವಾಹ ಇನ್ನೂ ಚುರುಕಾಗುತ್ತದೆ. ಪ್ರವಾಹವೇ ಸುಳಿಯನ್ನು ಹಿಗ್ಗಿಸಿ ಎಳೆದು ತನ್ನೊಳಗೆ ಸೇರಿಸಿಕೊಳ್ಳುವುದೂ ಉಂಟು.

ಇದು ಕಾಗದದ ಮೇಲಿನ ಲೆಕ್ಕವಷ್ಟೇ ಅಲ್ಲ. ಫೆರಿಸ್ ವೆಬ್‌ಸ್ಟರ್ ಎಂಬ ವಿಜ್ಞಾನಿ ಅಮೆರಿಕದ ಆಗ್ನೇಯ ಕರಾವಳಿಯ ಬಳಿ ಗಲ್ಫ್ ಸ್ಟ್ರೀಮ್‌ನ ಅಳತೆಗಳನ್ನು ಹಿಡಿದು 1961ರಲ್ಲಿ ಲೆಕ್ಕ ಕೊಟ್ಟರು. ಬಳುಕುಗಳು ಪ್ರವಾಹದ ಓಟವನ್ನು ಕಡಿಮೆ ಮಾಡುತ್ತಿರಬೇಕು ಎಂದೇ ಯಾರಾದರೂ ಎಣಿಸುತ್ತಿದ್ದರು. ಬಂದ ಉತ್ತರ ತದ್ವಿರುದ್ಧ: ಅಲ್ಲಿ ಬಳುಕುಗಳಿಂದ ಪ್ರವಾಹಕ್ಕೇ ಶಕ್ತಿ ಹೋಗುತ್ತಿತ್ತು.

ಈಗ ನಮಗೆ ತಿಳಿದ ಚಿತ್ರ ಸ್ಥೂಲವಾಗಿ ಹೀಗಿದೆ. ಕೇಪ್ ಹ್ಯಾಟರಸ್ ದಾಟಿದ ಮೇಲೆ ಸ್ವಲ್ಪ ದೂರದವರೆಗೆ ಪ್ರವಾಹ ಕೊಡುವ ಕೈ, ಸುಳಿಗಳು ತೆಗೆದುಕೊಳ್ಳುವ ಕೈ. ಇನ್ನೂ ಮುಂದೆ, ಸಾಗರದ ಒಳಗೆ ಪಾತ್ರ ಅದಲುಬದಲು. ಅಲ್ಲಿ ಸುಳಿಗಳು ಪ್ರವಾಹಕ್ಕೂ, ಅದರ ಎರಡು ಪಕ್ಕದಲ್ಲಿ ಸುತ್ತುವ ದೊಡ್ಡ ಹರಿವುಗಳಿಗೂ ಶಕ್ತಿ ತುಂಬುತ್ತವೆ. ಪಕ್ಕದಲ್ಲಿ ಸುತ್ತಿ ಮತ್ತೆ ಪ್ರವಾಹಕ್ಕೇ ಸೇರುವ ಆ ನೀರಿನಿಂದಲೇ ಗಲ್ಫ್ ಸ್ಟ್ರೀಮ್ ದಾರಿಯಲ್ಲಿ ದಪ್ಪವಾಗುತ್ತದೆ. ಉಪನದಿ ಇಲ್ಲದ ಹೊಳೆ ಐದು ಪಟ್ಟು ಬೆಳೆದ ಗುಟ್ಟಿನಲ್ಲಿ ಒಂದು ಮುಖ್ಯ ಭಾಗ ಇದು.

ಅಂದರೆ ಫಾರ್ವರ್ಡ್ ಯಾರನ್ನು ಕಳ್ಳ ಎಂದು ಹೇಳಿತೋ ಅವರು ಊರಿನ ಚೀಟಿ ವ್ಯವಹಾರದ ಸದಸ್ಯರಂತೆ. ಒಮ್ಮೆ ಎತ್ತುತ್ತಾರೆ, ಮತ್ತೆ ಕಟ್ಟುತ್ತಾರೆ.

ಕಾಫಿ ಲೋಟದಲ್ಲಿ ಯಾಕೆ ಹೀಗಾಗಲ್ಲ?

ಕಾಫಿಗೆ ಸಕ್ಕರೆ ಹಾಕಿ ಕದಡಿ ಚಮಚ ತೆಗೆಯಿರಿ. ದೊಡ್ಡ ಸುಳಿ ಸಣ್ಣ ಸುಳಿಗಳಾಗಿ, ಅವು ಇನ್ನೂ ಸಣ್ಣವಾಗಿ, ಕೊನೆಗೆ ನಿಂತುಹೋಗುತ್ತದೆ. ಶಕ್ತಿ ಕೊಂಚ ಬಿಸಿಯಾಗಿ ಕಳೆದುಹೋಯಿತು. ಲೋಟದಲ್ಲಿ ನೀರು ಮೇಲೆ ಕೆಳಗೆ, ಅತ್ತ ಇತ್ತ, ಎಲ್ಲ ದಿಕ್ಕಿಗೂ ಕದಡಬಹುದು.

ಸಾಗರ ಹಾಗಲ್ಲ. ಅಟ್ಲಾಂಟಿಕ್‌ನ ಆಳ ಸರಾಸರಿ ನಾಲ್ಕು ಕಿಲೋಮೀಟರ್‌ಗೂ ಕಡಿಮೆ, ಅಗಲ ಸಾವಿರಾರು ಕಿಲೋಮೀಟರ್. ಅಗಲಕ್ಕೆ ಹೋಲಿಸಿದರೆ ಅದು ಪೇಪರ್ ದೋಸೆಗಿಂತಲೂ ತೆಳು. ಜೊತೆಗೆ ಭೂಮಿ ತಿರುಗುತ್ತಿದೆ, ನೀರು ಪದರ ಪದರವಾಗಿದೆ. ಹೀಗಾಗಿ ದೊಡ್ಡ ಸುಳಿಗಳ ಹರಿವು ಹೆಚ್ಚುಕಡಿಮೆ ಅಡ್ಡಡ್ಡಕ್ಕೇ ಇರುತ್ತದೆ. ಇಂಥ ತೆಳು ಹರಿವಿನಲ್ಲಿ ಸಣ್ಣ ಸುಳಿಗಳು ಕೂಡಿ ದೊಡ್ಡವಾಗುತ್ತವೆ, ಶಕ್ತಿ ಸಣ್ಣದರಿಂದ ದೊಡ್ಡದಕ್ಕೆ ಏರುತ್ತದೆ ಎಂದು 1967ರಲ್ಲಿ ರಾಬರ್ಟ್ ಕ್ರೈಕ್ನನ್ ಲೆಕ್ಕ ಹಾಕಿ ತೋರಿಸಿದರು. ಸಾಗರದಲ್ಲೂ ಹೀಗೆ ಆಗುತ್ತದೆ ಎಂಬುದಕ್ಕೆ ಮುಂದೆ ಉಪಗ್ರಹದ ಅಳತೆಗಳಲ್ಲಿ ಪುರಾವೆ ಸಿಕ್ಕಿತು.

ಇದನ್ನೆಲ್ಲ ಕಂಡುಹಿಡಿದದ್ದು ಹೇಗೆ?

1950ರ ದಶಕದವರೆಗೆ ಆಳಸಮುದ್ರ ಬಹುತೇಕ ನಿಂತ ನೀರು ಎಂದೇ ಹೆಚ್ಚಿನವರ ನಂಬಿಕೆ. ಬ್ರಿಟನ್ನಿನ ಜಾನ್ ಸ್ವಾಲೊ ಎಂಬ ವಿಜ್ಞಾನಿ ಸಮುದ್ರದ ಒಳಗೆ ತೇಲುತ್ತಾ ಸದ್ದು ಮಾಡುವ ಕೊಳವೆಗಳನ್ನು ತಯಾರಿಸಿದರು. 1959–60ರಲ್ಲಿ ಬರ್ಮುಡಾ ಬಳಿ ಅವನ್ನು ಬಿಟ್ಟಾಗ ಅವು ಎಣಿಸಿದ್ದಕ್ಕಿಂತ ಸುಮಾರು ಹತ್ತು ಪಟ್ಟು ವೇಗವಾಗಿ, ದಿನಕ್ಕೊಂದು ದಿಕ್ಕಿಗೆ ಓಡಿದವು. 1970ರಲ್ಲಿ ಸೋವಿಯತ್ ವಿಜ್ಞಾನಿಗಳು ಅಟ್ಲಾಂಟಿಕ್‌ನಲ್ಲಿ 'ಪಾಲಿಗಾನ್' ಎಂಬ ಪ್ರಯೋಗ ನಡೆಸಿ ನಡುಸಮುದ್ರದಲ್ಲೂ ದೊಡ್ಡ ಸುಳಿಗಳಿವೆ ಎಂದು ತೋರಿಸಿದರು. 1973ರಲ್ಲಿ ಅಮೆರಿಕ ಮತ್ತು ಬ್ರಿಟನ್ 'ಮೋಡ್' ಪ್ರಯೋಗ ಮಾಡಿದವು. ಆಮೇಲೆ, ಶೀತಲ ಸಮರದ ನಡುವೆಯೇ, ಅಮೆರಿಕ ಮತ್ತು ಸೋವಿಯತ್ ವಿಜ್ಞಾನಿಗಳು ಸೇರಿ 'ಪಾಲಿಮೋಡ್' ನಡೆಸಿದರು.

1992ರಲ್ಲಿ ಹಾರಿದ ಟೋಪೆಕ್ಸ್-ಪೊಸೈಡನ್ ಉಪಗ್ರಹ ಸಮುದ್ರಮಟ್ಟದ ಏರಿಳಿತವನ್ನು ಕೆಲವೇ ಸೆಂಟಿಮೀಟರ್ ಲೆಕ್ಕದಲ್ಲಿ ಅಳೆಯತೊಡಗಿತು. ಹೀಗೆ ಕೂಡಿದ 16 ವರ್ಷಗಳ ಉಪಗ್ರಹ ದಾಖಲೆಯನ್ನು ಜಾಲಾಡಿ, ಡಡ್ಲಿ ಚೆಲ್ಟನ್ ಮತ್ತು ಸಂಗಡಿಗರು 2011ರಲ್ಲಿ 16 ವಾರಕ್ಕಿಂತ ಹೆಚ್ಚು ಬಾಳಿದ ಸುಮಾರು 36 ಸಾವಿರ ಸುಳಿಗಳ ಜಾಡು ಪ್ರಕಟಿಸಿದರು. ಸಾಗರದ ಚಲನ ಶಕ್ತಿಯಲ್ಲಿ ಸುಮಾರು ಶೇ. 80–90ರಷ್ಟು ಇಂಥ ಸುಳಿಗಳಲ್ಲೇ ಇದೆ ಎಂಬುದು ಈಗಿನ ಅಂದಾಜು. ಸುಳಿಗಳು ಸಾಗರಕ್ಕೆ ಬಂದ ರೋಗವಲ್ಲ, ಸಾಗರ ಇರುವುದೇ ಹಾಗೆ.

ಕೊನೆಗೆ ಶಕ್ತಿ ಎಲ್ಲಿಗೆ ಹೋಗುತ್ತದೆ?

ಎಲ್ಲ ಸುಳಿಯೂ ಸಾಲ ತೀರಿಸುವುದಿಲ್ಲ. ಹೆಚ್ಚಿನ ಸುಳಿಗಳು ನಿಧಾನಕ್ಕೆ ಪಶ್ಚಿಮಕ್ಕೆ ಸರಿಯುತ್ತವೆ. ಅಲ್ಲಿ ಖಂಡದ ಅಂಚು ಸಿಕ್ಕಿ ಚದುರುತ್ತವೆ. ಸಾಗರಗಳ ಪಶ್ಚಿಮ ಅಂಚು ಸುಳಿಗಳ ಸ್ಮಶಾನ ಎಂದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಸಮುದ್ರದ ತಳದ ಬೆಟ್ಟಗುಡ್ಡಗಳ ಜೊತೆಗಿನ ಘರ್ಷಣೆಯಲ್ಲೂ ಕೆಲವು ಶಕ್ತಿ ಕಳೆದುಕೊಳ್ಳುತ್ತವೆ.

ತಮಾಷೆ ಏನೆಂದರೆ, ಟ್ಯಾಂಕ್ ತುಂಬಿಸುವ ಗಾಳಿಯೇ ಸುಳಿಗಳನ್ನು ಕೊಲ್ಲುತ್ತದೆ. ಸುಳಿಯ ಒಂದು ಬದಿಯ ನೀರು ಗಾಳಿಯ ಜೊತೆ, ಇನ್ನೊಂದು ಬದಿಯ ನೀರು ಗಾಳಿಗೆ ಎದುರು ಓಡುತ್ತದೆ. ಎದುರು ಬದಿಯಲ್ಲಿ ಗಾಳಿ ತಡೆಯುವುದು ಹೆಚ್ಚು, ಜೊತೆ ಬದಿಯಲ್ಲಿ ತಳ್ಳುವುದು ಕಡಿಮೆ. ಒಟ್ಟಿನಲ್ಲಿ ಸುಳಿಗೆ ನಷ್ಟ. ಸುಮಾರು 260 ಕಿಲೋಮೀಟರ್‌ಗಿಂತ ಚಿಕ್ಕ ಹರಿವುಗಳಿಂದ ಗಾಳಿ ಸರಾಸರಿ 50 ಸಾವಿರ ಮೆಗಾವ್ಯಾಟ್‌ನಷ್ಟು ಶಕ್ತಿ ತೆಗೆಯುತ್ತದೆ ಎಂದು 2021ರ ಅಧ್ಯಯನವೊಂದರ ಲೆಕ್ಕ. ಸಾಗರದ ದೊಡ್ಡ ಪ್ರವಾಹಗಳಿಗೆ ಗಾಳಿ ಕೊಡುವುದು ಸುಮಾರು 10 ಲಕ್ಷ ಮೆಗಾವ್ಯಾಟ್. ಆದಾಯ ದೊಡ್ಡದೇ ಇದೆ, ಅದು ನಿಂತಿಲ್ಲ.

ಹಾಗಾದರೆ ಗಲ್ಫ್ ಸ್ಟ್ರೀಮ್ ನಿಲ್ಲುತ್ತದೆಯೇ?

ಗಾಳಿ ಬೀಸುವವರೆಗೆ, ಭೂಮಿ ತಿರುಗುವವರೆಗೆ ಗಲ್ಫ್ ಸ್ಟ್ರೀಮ್ ಇರುತ್ತದೆ. ಸಾಗರ ವಿಜ್ಞಾನಿ ಕಾರ್ಲ್ ವುನ್ಶ್ 2004ರಲ್ಲೇ 'ನೇಚರ್' ಪತ್ರಿಕೆಗೆ ಪತ್ರ ಬರೆದು ಇದನ್ನೇ ಹೇಳಿದ್ದರು.

ಜನ ಗೊಂದಲ ಮಾಡಿಕೊಳ್ಳುವುದು ಇನ್ನೊಂದರ ಜೊತೆ. ಅಟ್ಲಾಂಟಿಕ್‌ನಲ್ಲಿ ಬೆಚ್ಚನೆ ನೀರು ಮೇಲ್ಪದರದಲ್ಲಿ ಉತ್ತರಕ್ಕೆ ಹೋಗಿ, ತಣ್ಣಗಾಗಿ ಮುಳುಗಿ, ಆಳದಲ್ಲಿ ದಕ್ಷಿಣಕ್ಕೆ ಮರಳುವ ದೊಡ್ಡ ಚಕ್ರವೊಂದಿದೆ. ವಿಜ್ಞಾನಿಗಳು ಅದನ್ನು ಅಮೋಕ್ ಎನ್ನುತ್ತಾರೆ. ಗಲ್ಫ್ ಸ್ಟ್ರೀಮ್‌ನ ನೀರಿನ ಒಂದು ಪಾಲು ಮಾತ್ರ ಈ ಚಕ್ರದ್ದು. 2004ರಿಂದ ಸಾಗರದ ಅಡ್ಡಕ್ಕೆ ಉಪಕರಣಗಳನ್ನು ಕಟ್ಟಿ ಇದನ್ನು ಅಳೆಯುತ್ತಿದ್ದಾರೆ.

ಇದರ ಬಗ್ಗೆ ಚಿಂತೆ ಇರುವುದು ನಿಜ, ಅದನ್ನು ಮುಚ್ಚಿಡಬಾರದು. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2021ರ ವರದಿಯಲ್ಲಿ ಈ ಶತಮಾನದಲ್ಲಿ ಈ ಚಕ್ರ ದುರ್ಬಲವಾಗುವುದು ಬಹುಮಟ್ಟಿಗೆ ಖಚಿತ ಎಂದಿದೆ. 2100ಕ್ಕೆ ಮೊದಲು ದಿಢೀರ್ ಕುಸಿಯಲಾರದು ಎಂದೂ ಹೇಳಿದೆ, ಆದರೆ ಆ ಮಾತಿಗೆ ಕೊಟ್ಟಿರುವುದು ಮಧ್ಯಮ ಮಟ್ಟದ ಭರವಸೆ ಮಾತ್ರ. ಒಂದು ವೇಳೆ ಕುಸಿದರೆ ಉಷ್ಣವಲಯದ ಮಳೆಪಟ್ಟಿ ದಕ್ಷಿಣಕ್ಕೆ ಸರಿದು, ಏಷ್ಯಾದ ಮಾನ್ಸೂನ್ ದುರ್ಬಲವಾಗಬಹುದು ಎಂಬ ಎಚ್ಚರಿಕೆಯೂ ಅದರಲ್ಲಿದೆ. ಇದಕ್ಕೆ ಕಾರಣ ಭೂಮಿ ಬಿಸಿಯಾಗುತ್ತಿರುವುದು, ಹಿಮ ಕರಗಿ ಸಿಹಿನೀರು ಸೇರುತ್ತಿರುವುದು. ಸುಳಿಗಳು ಶಕ್ತಿ ಹೀರುತ್ತಿರುವುದಲ್ಲ. ತಪ್ಪು ಕಾರಣ ಹೇಳಿ ಹೆದರಿಸಿದರೆ ಜನ ಸರಿಯಾದ ಕಾರಣವನ್ನೂ ನಂಬದೆ ಹೋಗುತ್ತಾರೆ. ಇಂಥ ಫಾರ್ವರ್ಡ್‌ನಿಂದ ಆಗುವ ದೊಡ್ಡ ನಷ್ಟ ಇದೇ.

ಇದೆಲ್ಲ ತಿಳಿದು ನಮಗೇನು?

ಒಂದು, ಹವಾಮಾನದ ಭವಿಷ್ಯ ಹೇಳುವ ಕಂಪ್ಯೂಟರ್ ಮಾದರಿಗಳು. ಅವು ಸಾಗರವನ್ನು ಚೌಕಗಳಾಗಿ ಹಂಚಿಕೊಂಡು ಲೆಕ್ಕ ಮಾಡುತ್ತವೆ. ಒಂದು ಚೌಕವೇ 100 ಕಿಲೋಮೀಟರ್ ಇದ್ದರೆ ಸುಳಿ ಅದರಲ್ಲಿ ಕಾಣುವುದೇ ಇಲ್ಲ. ಆಗ ಸುಳಿ ಮಾಡುವ ಕೆಲಸವನ್ನು ಸೂತ್ರದ ಮೂಲಕ ಸೇರಿಸಬೇಕು. ಸುಳಿಗಳು ತೆಗೆದುಕೊಳ್ಳುವುದನ್ನು ಮಾತ್ರ ಬರೆದು ವಾಪಸ್ ಕೊಡುವುದನ್ನು ಬಿಟ್ಟರೆ, ಮಾದರಿಯ ಪ್ರವಾಹಗಳು ನಿಜಕ್ಕಿಂತ ಸೋತು ಕಾಣುತ್ತವೆ. ಈ ಲೆಕ್ಕ ಸರಿಪಡಿಸಲು ವಿಜ್ಞಾನಿಗಳು ಈಗಲೂ ದುಡಿಯುತ್ತಿದ್ದಾರೆ. 2022ರ ಡಿಸೆಂಬರ್‌ನಲ್ಲಿ ಹಾರಿದ 'ಸ್ವಾಟ್' ಉಪಗ್ರಹ ಇನ್ನೂ ಚಿಕ್ಕ ಸುಳಿಗಳನ್ನೂ ನೋಡಬಲ್ಲದು.

ಎರಡು, ಸುಳಿಗಳು ಬದಲಾಗುತ್ತಿವೆ. 1993ರಿಂದಿನ ಉಪಗ್ರಹ ದಾಖಲೆಯನ್ನು ನೋಡಿದ 2021ರ ಅಧ್ಯಯನದ ಪ್ರಕಾರ, ಸುಳಿಗಳು ದಟ್ಟವಾಗಿರುವ ಕಡೆ ಅವುಗಳ ಚಟುವಟಿಕೆ ಹತ್ತು ವರ್ಷಕ್ಕೆ ಶೇ. 2ರಿಂದ 5ರಷ್ಟು ಹೆಚ್ಚುತ್ತಿದೆ.

ಮೂರು, ನಮ್ಮದೇ ಅರಬ್ಬಿ ಸಮುದ್ರ. ನೈರುತ್ಯ ಮುಂಗಾರು ಬೀಸಿದಾಗ ಆಫ್ರಿಕಾದ ಸೊಮಾಲಿಯಾ ಕರಾವಳಿಯಲ್ಲಿ ಪ್ರವಾಹ ಉತ್ತರಕ್ಕೆ ರಭಸದಿಂದ ಓಡುತ್ತದೆ. ಅದು ದಡ ಬಿಟ್ಟು ತಿರುಗುವಲ್ಲಿ ಸುಮಾರು 500 ಕಿಲೋಮೀಟರ್ ಅಗಲದ ಸುಳಿಯೊಂದು ಪ್ರತಿ ವರ್ಷ ಏಳುತ್ತದೆ. 'ಗ್ರೇಟ್ ವರ್ಲ್' ಎಂದು ಅದರ ಹೆಸರು, 19ನೇ ಶತಮಾನದ ನಾವಿಕರಿಗೂ ಗೊತ್ತಿತ್ತು. ಮುಂಗಾರು ಗಾಳಿ ತಗ್ಗಿದ ಮೇಲೂ ಕೆಲವು ವಾರ ಕೂಡಿಟ್ಟ ಶಕ್ತಿಯಲ್ಲೇ ಅದು ತಿರುಗುತ್ತಿರುತ್ತದೆ. ಚಳಿಗಾಲದಲ್ಲಿ ಲಕ್ಷದ್ವೀಪದ ಬಳಿಯೂ ಸಮುದ್ರಮಟ್ಟ ತುಸು ಉಬ್ಬಿದ ದೊಡ್ಡ ಸುಳಿ ಬರುತ್ತದೆ. ಮೀನು ಎಲ್ಲಿ ಸಿಗಬಹುದು, ಸಮುದ್ರ ಹೇಗಿರುತ್ತದೆ ಎಂದು ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಮೀನುಗಾರರಿಗೆ ಕೊಡುವ ಮುನ್ಸೂಚನೆಯ ಹಿಂದೆ ಸಾಗರದ ಇಂಥ ತಿಳಿವಳಿಕೆಯೇ ಇದೆ.

ಮುಂದಿನ ಬಾರಿ ಇಂಥ ಫಾರ್ವರ್ಡ್ ಬಂದರೆ

ಚಿತ್ರ ಮತ್ತು ಮಾತು ಒಂದೇ ಮೂಲದ್ದೇ ನೋಡಿ. ಯಾವ ವರ್ಷದ್ದು ಎಂದು ಹುಡುಕಿ. "ಹೀರುತ್ತಿದೆ", "ನುಂಗುತ್ತಿದೆ" ಎಂದಿದ್ದರೆ, ಹೋಗಿದ್ದು ಎಲ್ಲಿಗೆ, ಬಂದಿದ್ದು ಎಲ್ಲಿಂದ ಎಂದು ಕೇಳಿ. ನಿಸರ್ಗದಲ್ಲಿ ಲೆಕ್ಕದ ಪುಸ್ತಕಕ್ಕೆ ಯಾವಾಗಲೂ ಎರಡು ಕಾಲಂ. ಒಂದೇ ಕಾಲಂ ತೋರಿಸಿ ಹೆದರಿಸುವ ಸಂದೇಶವನ್ನು ಮುಂದೆ ಕಳಿಸಬೇಡಿ.

ಅತ್ತೆಗೆ ನಾನು ಇಷ್ಟು ಉದ್ದ ಹೇಳಲಿಲ್ಲ. "ಅತ್ತೆ, ಆ ಸುಳಿ ಮೈಸೂರು ದಾರಿಗಿಂತ ಉದ್ದ, ಅದರಲ್ಲಿ ಗುಂಡಿ ಇಲ್ಲ. ಹಡಗು ಅದರ ಮೇಲೆ ಸುಮ್ಮನೆ ಹೋಗುತ್ತೆ" ಎಂದೆ. ಮೂರು ದಿನದ ಮೇಲೆ ನೆಟ್‌ವರ್ಕ್ ಸಿಕ್ಕಾಗ ಭಾವ ಗ್ರೂಪಿಗೆ ಬರೆದರು: "ಅಂಥದ್ದೊಂದು ದಾಟಿ ಬಂದ್ವಿ. ಎಂಟು ಗಂಟೆ ಹಿಡೀತು. ಒಂದು ಬದಿಯಲ್ಲಿ ಹಡಗು ಸ್ವಲ್ಪ ಜೋರಾಗಿ ಹೋಯ್ತು, ಇನ್ನೊಂದು ಬದಿಯಲ್ಲಿ ಸ್ವಲ್ಪ ನಿಧಾನ. ಅಷ್ಟೇ. ಅಮ್ಮ, ಊಟ ಮಾಡಿ ಮಲಗು."

ಒಂದು ಬದಿಯಲ್ಲಿ ಕೊಟ್ಟಿತು, ಇನ್ನೊಂದು ಬದಿಯಲ್ಲಿ ತೆಗೆದುಕೊಂಡಿತು. ನಾನು ವಾರಗಟ್ಟಲೆ ಓದಿದ್ದನ್ನು ಭಾವ ಎರಡು ಸಾಲಿನಲ್ಲಿ ಮುಗಿಸಿದ್ದರು. ಮಾವ ಆ ವಿಡಿಯೊವನ್ನು ಗ್ರೂಪಿನಿಂದ ತಾವೇ ಅಳಿಸಿದರು.